ಇನ್‌ಸ್ಟಾಗ್ರಾಂ ಸಾಕಾ, ವೆಬ್‌ಸೈಟೂ ಬೇಕಾ?

ಇಳಕಲ್ ಸೀರೆಗೆ ಇನ್‌ಸ್ಟಾಗ್ರಾಂನಲ್ಲೇ ಆರ್ಡರ್ ಬರುತ್ತಿದೆ, ವೆಬ್‌ಸೈಟಿಗೆ ದುಡ್ಡು ಹಾಕಬೇಕಾ ಅಂತ ಕೇಳಿದ್ದೀರಿ. ಹಾಕಿ, ಆದರೆ ಜಾಸ್ತಿ ಬೇಡ. ಇನ್‌ಸ್ಟಾಗ್ರಾಂ ಬಿಡಲೂ ಬೇಡಿ, ಹೊಸ ಗಿರಾಕಿ ಸಿಗುವುದು ಅಲ್ಲೇ.

ಆದರೆ ಆ ಜಾಗ ನಿಮ್ಮದಲ್ಲ ಅಲ್ವಾ? 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧಿಸಿತು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರೂ ಬರಿಗೈ ಆದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಬಂದ್. ಮೂರಕ್ಕೂ ಯಜಮಾನ ಒಬ್ಬನೇ. ಹಾಗಾಗಿ ‘ಇನ್‌ಸ್ಟಾ ಹೋದರೆ ವಾಟ್ಸ್‌ಆ್ಯಪ್ ಇದೆಯಲ್ಲ’ ಅನ್ನುವ ಲೆಕ್ಕ ನಡೆಯುವುದಿಲ್ಲ.

ನಿಮ್ಮ ಸೀರೆಗೆ ಇನ್ನೊಂದು ಕಾರಣವೂ ಇದೆ. ಒಡಲಿಗೂ ಸೆರಗಿಗೂ ಹಾಕುವ ಕೊಂಡಿ, ತೋಪ್ ತೆನಿ ಅನ್ನುವ ವಿನ್ಯಾಸದ ಸೆರಗು, ಹತ್ತಿಯದಕ್ಕೂ ರೇಷ್ಮೆಯದಕ್ಕೂ ಇರುವ ಬೆಲೆಯ ವ್ಯತ್ಯಾಸ, ಇದೆಲ್ಲ ಅರ್ಧ ನಿಮಿಷದ ರೀಲ್‌ನಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ನಾಲ್ಕು ದಿನಕ್ಕೆ ಕೆಳಗೆ ಹೋಗುತ್ತದೆ. ಫೋಟೋ ಸಮೇತ ಒಂದು ಪುಟ ಬರೆದಿಟ್ಟರೆ, ‘ರೇಟ್ ಎಷ್ಟು’ ಅಂದವರಿಗೆ ಲಿಂಕ್ ಕಳಿಸಿದರಾಯಿತು. ಗೂಗಲ್‌ನಲ್ಲಿ ಹುಡುಕುವವರಿಗೂ ಸಿಗುತ್ತದೆ.

ಡೊಮೇನ್, ಅಂದರೆ ಸೈಟಿನ ವಿಳಾಸ, ಮಾತ್ರ ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಿಂದಲೇ ತಗೊಳ್ಳಿ. ಸೈಟ್ ಮಾಡಿಕೊಡುವವರು ತಮ್ಮ ಅಕೌಂಟಿನಲ್ಲಿ ತಗೊಂಡರೆ ಆಮೇಲೆ ಅವರ ಹಿಂದೆ ಅಲೆಯಬೇಕು. ಅದೂ ಬಾಡಿಗೆ ಜಾಗವೇ ಆಯಿತು! ಸೈಟಿನಲ್ಲೇ ದುಡ್ಡು ಕಟ್ಟಿಸಿಕೊಳ್ಳುವ ಪೇಮೆಂಟ್ ಗೇಟ್‌ವೇ ಸುಮ್ನೆ ಖರ್ಚು, ಸದ್ಯಕ್ಕೆ ಯುಪಿಐ ಸಾಕು. ಹಳೇ ಗಿರಾಕಿಗಳ ಹೆಸರು, ಫೋನ್ ನಂಬರ್ ಮಾತ್ರ ಇವತ್ತೇ ಒಂದು ಕಡೆ ಬರೆದಿಡಿ, ಸೈಟ್ ಆಗುವವರೆಗೆ ಕಾಯಬೇಡಿ.