ಹಾಡು ಹಳೇದಾಯ್ತಾ, ಕಿವಿ ಹಳೇದಾಯ್ತಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು, ಮೊದಲಿನ ಥರ ಹಾಡು ಕೇಳೋಕಾಗ್ತಿಲ್ಲ, ಯಾಕೆ ಅಂತ. ನಾಲ್ಕು ಪತ್ರ ಆರಿಸ್ಕೊಂಡಿದೀನಿ. ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು, ಆ ಪ್ರಶ್ನೆ ನನ್ನದೂ ಆಗಿತ್ತು ನೋಡಿ, ಅದಕ್ಕೆ.

ಪ್ರಶ್ನೆ: ಮೇಡಂ, ನನಗೀಗ 44. ಕಾಲೇಜಲ್ಲಿದ್ದಾಗ ಹಾಡಂದ್ರೆ ಪ್ರಾಣ, ಕ್ಯಾಸೆಟ್ ಸವೆದುಹೋಗೋವರೆಗೂ ಕೇಳ್ತಿದ್ದೆ. ಈಗ ಹೊಸ ಹಾಡು ಯಾವ್ದೇ ಬರ್ಲಿ ಹತ್ತು ಸೆಕೆಂಡಿಗೆ ಮುಂದಕ್ಕೆ ತಳ್ತೀನಿ, ಎಲ್ಲ ಒಂದೇ ಥರ ಅನ್ಸತ್ತೆ. ಮಗ "ಅಪ್ಪಾ, ನಿಂಗೆ ವಯಸ್ಸಾಯ್ತು" ಅಂತಾನೆ. ಕೆಟ್ಟಿರೋದು ಈಗಿನ ಹಾಡುಗಳಾ, ನಾನಾ?

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧ ನಿಜ, ಆದ್ರೆ ಅವನು ಅಂದ್ಕೊಂಡಿರೋ ಅರ್ಧ ಅಲ್ಲ.

ನಡುವಯಸ್ಸು ದಾಟಿದವರನ್ನ ಕೂರಿಸಿ ಜೀವನದಲ್ಲಿ ಏನೇನು ನೆನಪಿದೆ ಹೇಳಿ ಅಂದ್ರೆ, ಹೆಚ್ಚುಕಮ್ಮಿ 10ರಿಂದ 30 ವರ್ಷದೊಳಗಿನ ಘಟನೆಗಳೇ ಮೇಲೆ ಮೇಲೆ ಬರ್ತವೆ. ಮನಶ್ಶಾಸ್ತ್ರದವರು ಇದನ್ನ ನೆನಪಿನ ಉಬ್ಬು ಅಂತಾರೆ. ಹಾಡಿನ ವಿಷಯದಲ್ಲೂ ಈ ಉಬ್ಬು ಚೆನ್ನಾಗೇ ಕಾಣತ್ತೆ. ಮೊದಲ ಸ್ನೇಹ, ಮೊದಲ ಜಗಳ, ಮನೆ ಬಿಟ್ಟು ಹೊರಗೆ ಹೋದದ್ದು, ಎಲ್ಲ ಆಗೋದು ಆ ವಯಸ್ಸಲ್ಲೇ ತಾನೇ, ಆಗ ಪಕ್ಕದಲ್ಲಿ ಯಾವ ಹಾಡು ಓಡ್ತಿತ್ತೋ ಅದು ಅದರ ಜೊತೆಗೇ ಅಂಟ್ಕೊಂಡುಬಿಡತ್ತೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೀಟರ್ ಜನಾಟ ಅನ್ನೋರು 2009ರಲ್ಲಿ ಯುವಕರಿಗೆ ಅವರ ಚಿಕ್ಕಂದಿನ, ಹರೆಯದ ಹಾಡುಗಳನ್ನ ಕೇಳಿಸಿ ಮೆದುಳಿನ ಸ್ಕ್ಯಾನ್ ಮಾಡಿದ್ರು. ಹಣೆಯ ಹಿಂದೆ, ನಮ್ಮ ಬಗ್ಗೆ ನಾವು ಯೋಚಿಸುವಾಗ ಕೆಲಸ ಮಾಡೋ ಒಂದು ಭಾಗ ಇದೆ, ನೆನಪು ಎಬ್ಬಿಸೋ ಹಾಡು ಬಂದಾಗ ಅದೇ ಭಾಗ ಚುರುಕಾಗಿದ್ದು ಕಂಡಿತು. ಅಂದ್ರೆ ನಿಮ್ಮ ಹಳೇ ಹಾಡಿನ ಜೊತೆ ಈಗಿನ ಹಾಡು ಸ್ಪರ್ಧೆ ಮಾಡ್ತಿಲ್ಲ, ನಿಮ್ಮ ಇಪ್ಪತ್ತನೇ ವಯಸ್ಸಿನ ಜೊತೆ ಮಾಡ್ತಿದೆ. ಗೆಲ್ಲೋದು ಹೇಗೆ ಪಾಪ.

ಇಷ್ಟು ಎಲ್ರೂ ಹೇಳ್ತಾರೆ. ನನಗೆ ಮುಖ್ಯ ಅನ್ಸೋದು ಬೇರೆ, ಅದು ಲೆಕ್ಕದ ವಿಷಯ. ನಿಮ್ಮ ಆ ಸವೆದ ಕ್ಯಾಸೆಟ್ಟಲ್ಲಿ 60 ನಿಮಿಷ, ಅಬ್ಬಬ್ಬಾ ಅಂದ್ರೆ ಹತ್ತು ಹನ್ನೆರಡು ಹಾಡು. ಇಷ್ಟ ಇಲ್ಲದ ಹಾಡು ಬಂದ್ರೆ ಫಾರ್ವರ್ಡ್ ಒತ್ತಿ, ಮುಂದೆ ಹೋಗಿ, ಮತ್ತೆ ಹಿಂದೆ ಬಂದು, ಅಷ್ಟರಲ್ಲಿ ಟೇಪು ಸಿಕ್ಕಾಕ್ಕೊಂಡು ಪೆನ್ಸಿಲ್ ಹಾಕಿ ತಿರುಗಿಸೋದು ಯಾರಿಗೆ ಬೇಕು ಅಂತ ಸುಮ್ನೆ ಕೇಳ್ತಿದ್ವಿ. ಹಂಗೆ ಕೇಳ್ತಾ ಕೇಳ್ತಾ ಇಪ್ಪತ್ತನೇ ಸಲಕ್ಕೋ ಮೂವತ್ತನೇ ಸಲಕ್ಕೋ ಆ ಬೇಡದ ಹಾಡೇ ನೆಚ್ಚಿನದಾಗಿರ್ತಿತ್ತು. ನನಗಂತೂ ಬಿ ಸೈಡಿನ ಕೊನೇ ಹಾಡುಗಳೇ ಈಗ ಹೆಚ್ಚು ನೆನಪು! ಪದೇ ಪದೇ ಎದುರಾದದ್ದು ತಾನಾಗೇ ಇಷ್ಟ ಆಗ್ತಾ ಹೋಗತ್ತೆ ಅಂತ ರಾಬರ್ಟ್ ಝಯೋಂಕ್ ಅನ್ನೋ ಮನಶ್ಶಾಸ್ತ್ರಜ್ಞರು 1968ರಲ್ಲೇ ತೋರಿಸಿದ್ರು. ಹಳೇ ಹಾಡಿಗೆ ನೀವು ನೂರು ಸಲ ಕೊಟ್ರಿ, ಹೊಸದಕ್ಕೆ ಹತ್ತು ಸೆಕೆಂಡು. ಇದು ನ್ಯಾಯಾನಾ?

ಹಾಗಂತ ನಿಮ್ಮ ದೂರು ಪೂರ್ತಿ ಸುಳ್ಳೂ ಅಲ್ಲ. 90ರ ದಶಕದಿಂದೀಚೆಗೆ ಎಷ್ಟೋ ಕಡೆ ರೆಕಾರ್ಡಿಂಗ್ ಮಾಡೋರು ಮೆತ್ತಗಿನ ಸದ್ದನ್ನೂ ಜೋರಿನ ಮಟ್ಟಕ್ಕೆ ಎಳೆದು ಎಲ್ಲವನ್ನೂ ಒಂದೇ ಎತ್ತರದಲ್ಲಿ ನಿಲ್ಲಿಸೋಕೆ ಶುರು ಮಾಡಿದ್ರು, ಅದರಿಂದ ಏರಿಳಿತ ಕಮ್ಮಿ ಆಗಿ ಕಿವಿ ಬೇಗ ದಣಿಯತ್ತೆ. ಆದ್ರೆ ಒಂದು ಮರೀಬೇಡಿ, ನಿಮ್ಮ ಕಾಲದಲ್ಲೂ ಕೆಟ್ಟ ಹಾಡು ರಾಶಿ ರಾಶಿ ಇತ್ತು. ಅದರ ಹೊಟ್ಟೆಲ್ಲ ತೂರಿಹೋಗಿ ಕಾಳು ಮಾತ್ರ ನಿಮ್ಮ ಹತ್ರ ಉಳಿದಿದೆ, ಈಗಿನದು ಇನ್ನೂ ಕಣದಲ್ಲೇ ಬಿದ್ದಿದೆ.

ಒಂದು ಕೆಲಸ ಮಾಡಿ, ಮಗನಿಗೆ ಇಷ್ಟ ಇರೋ ಐದೇ ಐದು ಹಾಡು ಅವನ ಹತ್ರಾನೇ ಕೇಳಿ ತಗೊಳ್ಳಿ. ಎರಡು ವಾರ ನಡೆಯುವಾಗಲೋ ಪಾತ್ರೆ ತೊಳೆಯುವಾಗಲೋ ಅವನ್ನೇ ಹಾಕಿ, ಫೋನ್ ಜೇಬಲ್ಲಿರಲಿ, ಕೈಗೆ ಸಿಕ್ರೆ ಮುಂದೆ ತಳ್ತೀರಿ. ಆಮೇಲೂ ಹಿಡಿಸ್ಲಿಲ್ಲ ಅಂದ್ರೆ ಧಾರಾಳವಾಗಿ ಬೈಯ್ರಿ.

ಪ್ರಶ್ನೆ: ನನಗೆ 67. ಹಾಡಲ್ಲಿ ದನಿ ಕೇಳತ್ತೆ, ಮಾತು ಗೊತ್ತಾಗಲ್ಲ. ಮಗಳು ವಾಲ್ಯೂಮ್ ಜಾಸ್ತಿ ಮಾಡ್ತಾಳೆ, ಮಾಡಿದ್ರೆ ಕಿವಿಗೆ ಚುಚ್ಚತ್ತೆ. ನಲವತ್ತು ವರ್ಷದಿಂದ ಕೇಳಿದ ಹಾಡುಗಳೇ ಒಮ್ಮೊಮ್ಮೆ ಶ್ರುತಿ ತಪ್ಪಿದಂಗೆ ಅನ್ಸತ್ತೆ. ಭ್ರಮೆನಾ?

ಉತ್ತರ: ಭ್ರಮೆ ಅಲ್ಲಮ್ಮಾ. ಮೂರಕ್ಕೂ ಕಾರಣ ಕಿವಿ ಒಳಗಡೇನೇ ಇರ್ಬಹುದು.

ಮನುಷ್ಯನ ಕಿವಿಗೆ ಚಿಕ್ಕಂದಿನಲ್ಲಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳತ್ತೆ. ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ, ಕಮ್ಮಿ ಇದ್ರೆ ದಪ್ಪ ಸದ್ದು, ಜಾಸ್ತಿ ಇದ್ರೆ ಕೀರಲು ಸದ್ದು. ವಯಸ್ಸಾದ ಹಾಗೆ ಮೇಲಿನ ತುದಿಯಿಂದ ಕಳಚ್ತಾ ಬರತ್ತೆ, ಅಂದ್ರೆ ಮೊದಲು ಹೋಗೋದು ಸಣ್ಣ ಕೀರಲು ಸದ್ದುಗಳು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ, ಅದರಲ್ಲಿ ಸದ್ದು ಹಿಡಿಯೋ ಕೂದಲಿನಂಥ ಜೀವಕೋಶಗಳು ಸುಮಾರು 15,000, ಸತ್ತವು ಮತ್ತೆ ಹುಟ್ಟಲ್ಲ. ಎತ್ತರದ ಸದ್ದು ಹಿಡಿಯೋವು ಸುರುಳಿಯ ಬಾಗಿಲಲ್ಲೇ ಇರ್ತವೆ, ಸಾಮಾನ್ಯವಾಗಿ ಅವೇ ಮೊದಲು ಸವೆಯೋದು.

ಈಗ ಹಾಡಿಗೆ ಬನ್ನಿ. ಅ, ಆ, ಓ ಥರದ ಸ್ವರಗಳ ಬಲ ಕೆಳಗಿನ ಸದ್ದಲ್ಲಿರತ್ತೆ. ಸ, ಶ, ತ, ಕ ಇವುಗಳ ಗುರುತು ಮೇಲಿನ ಸದ್ದಲ್ಲಿ. ಅದಕ್ಕೇ ನಿಮಗೆ ಸ್ವರ ಕೇಳತ್ತೆ, ವ್ಯಂಜನ ಮಸುಕಾಗತ್ತೆ, ರಾಗ ಗೊತ್ತಾಗತ್ತೆ, ಮಾತು ಗೊತ್ತಾಗಲ್ಲ. ವಾಲ್ಯೂಮ್ ಏರಿಸಿದ್ರೆ ಆಗಲೇ ಕೇಳ್ತಿದ್ದದ್ದು ಇನ್ನೂ ಜೋರಾಗತ್ತೆ ಅಷ್ಟೇ. ಜೊತೆಗೆ ಸವೆದ ಕಿವಿಗೆ ಕೇಳಲ್ಲ ಅನ್ನೋದಕ್ಕೂ ಸಾಕಪ್ಪಾ ಅನ್ನೋದಕ್ಕೂ ನಡುವೆ ಜಾಗ ತುಂಬಾ ಕಿರಿದು, ಆ ಚುಚ್ಚೋದು ಅದೇ. ಮಗಳಿಗೆ ಹೇಳಿ, ಬೇಸ್ ಅಂದ್ರೆ ಕೆಳಗಿನ ಸದ್ದು ಸ್ವಲ್ಪ ಇಳಿಸಿ, ಟ್ರೆಬಲ್ ಅಂದ್ರೆ ಮೇಲಿನ ಸದ್ದು ಸ್ವಲ್ಪ ಏರಿಸಲಿ, ಫ್ಯಾನು ಟಿವಿ ಆರಿಸಲಿ.

ಶ್ರುತಿ ತಪ್ಪಿದಂಗೆ ಅನ್ಸೋದೂ ಉಂಟು. ಸ್ವ್ಯಾತೊಸ್ಲಾವ್ ರಿಕ್ಟರ್ ಅಂತ ಕಳೆದ ಶತಮಾನದ ದೊಡ್ಡ ಪಿಯಾನೋ ವಾದಕರು, ಯಾವ ಸ್ವರ ಕೇಳಿದ್ರೂ ಥಟ್ಟಂತ ಹೆಸರು ಹೇಳಬಲ್ಲ ಕಿವಿ ಅವರದ್ದು. ಅಂಥವರಿಗೂ ಇಳಿವಯಸ್ಸಲ್ಲಿ ಬೆರಳು ಒತ್ತಿದ ಸ್ವರ ಒಂದಾದ್ರೆ ಕಿವಿಗೆ ಕೇಳೋ ಸ್ವರ ಇನ್ನೊಂದಾಗಿ ಬಹಳ ಕಷ್ಟಪಟ್ರು.

ಆಡಿಯಾಲಜಿಸ್ಟ್, ಅಂದ್ರೆ ಕಿವಿ ಎಷ್ಟು ಕೇಳತ್ತೆ ಅಂತ ಅಳೆಯೋ ತಜ್ಞರ ಹತ್ರ ಒಂದು ಸಲ ಪರೀಕ್ಷೆ ಮಾಡಿಸ್ಕೊಳ್ಳಿ. ಕಿವಿಗೆ ಮಿಷನ್ ಬೇಕು ಅಂದ್ರೆ ನಾಚಿಕೆ ಬೇಡ, ಆದ್ರೆ ಅದನ್ನ ಹೊಂದಿಸಿರೋದು ಮಾತಿಗೆ, ಹಾಡು ಹಾಕಿದ್ರೆ ತಗಡು ಬಡಿದಂಗೆ ಕೇಳ್ಬಹುದು, ಹಾಡಿಗೆ ಬೇರೆ ಸೆಟ್ಟಿಂಗ್ ಹಾಕಿಕೊಡಿ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ರೆ ತುಂಬಾ ಜನ ಅದನ್ನ ಹೇಳೋದೇ ಇಲ್ಲ. ಇನ್ನೊಂದು, ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದ ಆದ್ರೆ ಅದು ವಯಸ್ಸಿನದ್ದು ಅಂತ ಕೂರಬೇಡಿ, ಅವತ್ತೇ ಡಾಕ್ಟರ್ ಹತ್ರ ಓಡಿ.

ಪ್ರಶ್ನೆ: ಮೇಡಂ ನಂಗೆ 17. ಅಮ್ಮ ಕಾಲೇಜಲ್ಲಿದ್ದಾಗಿನ ಹಾಡುಗಳೇ ನಂಗೆ ಇಷ್ಟ, ಕೇಳಿದ್ರೆ ಅಳು ಬರತ್ತೆ, ನಾನು ಆಗ ಹುಟ್ಟೇ ಇರ್ಲಿಲ್ಲ. ಫ್ರೆಂಡ್ಸ್ ಅಜ್ಜಿ ಅಂತ ಕರೀತಾರೆ.

ಉತ್ತರ: ಕರೀಲಿ ಬಿಡು. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹಾನ್ಸಲ್ ಮತ್ತು ಜೊತೆಯವರು ಇಪ್ಪತ್ತರ ಆಸುಪಾಸಿನವರಿಗೆ ಬೇರೆ ಬೇರೆ ದಶಕದ ಹಾಡು ಕೇಳಿಸಿದ್ರು. ತಮ್ಮ ಕಾಲದ ಹಾಡಿನ ಜೊತೆಗೆ ಅಪ್ಪ ಅಮ್ಮ ಹರೆಯದಲ್ಲಿ ಕೇಳಿದ ಹಾಡುಗಳಿಗೂ ಅವರಲ್ಲಿ ನೆನಪು, ಭಾವನೆ ಎರಡೂ ಗಟ್ಟಿಯಾಗೇ ಇತ್ತು, ಅದಕ್ಕೂ ಹಿಂದಿನ ತಲೆಮಾರಿನ ಹಾಡಿಗೂ ಒಂದು ಉಬ್ಬು ಕಾಣಿಸ್ತು. ನೀನು ಕೂಸಾಗಿದ್ದಾಗ ಅಮ್ಮ ಗುನುಗಿದ್ದು ಅದನ್ನೇ ಇರ್ಬೇಕಲ್ವಾ. ಆ ಅಳುವಿನಲ್ಲಿ ಅರ್ಧ ಅವಳದೇ ಇದ್ರೂ ಇರ್ಬಹುದು, ಒಂದು ದಿನ ಜೊತೆಗೆ ಕೂತು ಕೇಳು, ಯಾವ ಹಾಡಿನ ಹಿಂದೆ ಏನು ಕಥೆ ಅಂತ ಕೇಳಿ ನೋಡು.

ಅಳೋದು ಇಯರ್‌ಫೋನ್ ಹಾಕ್ಕೊಂಡು ತಾನೇ? ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರು ಕಿವಿ ಕೆಡದ ಹಾಗೆ ಕೇಳಬಹುದಾದದ್ದು, ಸದ್ದಿನ ಜೋರು 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ, 90 ಡೆಸಿಬಲ್ ಆದ್ರೆ ವಾರಕ್ಕೆ ಬರೀ 4 ಗಂಟೆ. ಮೇಲಿನ ಅಮ್ಮನ ಪತ್ರ ಓದಿದೆಯಲ್ಲ, ಸೌಂಡು ಇಳಿಸು.

ಪ್ರಶ್ನೆ: ನನಗೆ 52. ದಿನವಿಡೀ ಹಾಡು ಹಾಕ್ಕೊಂಡೇ ಇರ್ತಿದ್ದವಳು, ಈಗ ಮನೇಲಿ ಸುಮ್ನಿದ್ರೆ ಸಾಕು ಅನ್ಸತ್ತೆ. ಇನ್ನೊಂದು ಕಡೆ 81 ವರ್ಷದ ನನ್ನಮ್ಮ, ಮರೆವಿನ ಕಾಯಿಲೆ, ನನ್ನ ಹೆಸರೂ ಮರೀತಾರೆ, ನಾನು ಹಾಕೋ ಹಾಡಿಗೆ ಕಣ್ಣೆತ್ತಿ ನೋಡಲ್ಲ. ಮೊನ್ನೆ ಬಟ್ಟೆ ಮಡಿಸ್ತಾ ನಾನು ಯಾವತ್ತೂ ಕೇಳಿರದ ಹಾಡೊಂದನ್ನ ಪೂರ್ತಿ ಹಾಡಿಬಿಟ್ರು.

ಉತ್ತರ: ನಿಮ್ಮದು ಮೊದಲು, ಅದು ಚಿಕ್ಕದು. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ 2.5 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಸೇರಿಸಿ ನೋಡಿದ್ರು, ಹರೆಯದಿಂದ ನಡುವಯಸ್ಸಿಗೆ ಬರ್ತಾ ಹಾಡಿಗೆ ಕೊಡೋ ಸಮಯ, ಮಹತ್ವ ಎರಡೂ ಇಳಿಯತ್ತೆ. ಹದಿನೆಂಟಕ್ಕೆ ನಾನು ಯಾರು ಅಂತ ಊರಿಗೆಲ್ಲ ಸಾರೋಕೆ ಹಾಡು ಬೇಕಿತ್ತು, ಈಗ ಅದು ಬೇಡ, ಜೊತೆಗೆ ದಿನವಿಡೀ ಒಬ್ಬರನ್ನ ನೋಡ್ಕೊಳ್ಳೋ ಕಿವಿ ಅದು, ಬಿಡುವು ಕೇಳತ್ತೆ. ಊಟ, ನಿದ್ದೆ, ಜನ ಎಲ್ಲವೂ ಎರಡು ವಾರದಿಂದ ಬೇಡ ಅನ್ಸ್ತಿದ್ರೆ ಮಾತ್ರ ಅದು ಹಾಡಿನ ವಿಷಯ ಅಲ್ಲ, ಡಾಕ್ಟರನ್ನ ನೋಡಿ.

ಅಮ್ಮನ ವಿಷಯ. ಬಹಳ ಕಾಲದಿಂದ ಗೊತ್ತಿರೋ ಹಾಡನ್ನ ಕಾಪಾಡೋ ಮೆದುಳಿನ ಭಾಗಗಳು ಅಲ್ಝೈಮರ್ ಕಾಯಿಲೆಯಲ್ಲಿ ಮಿಕ್ಕವಕ್ಕಿಂತ ಕಮ್ಮಿ ಸವೆದಿರ್ತವೆ ಅಂತ 2015ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಬರೆದಿದಾರೆ. ಹೆಸರು ಹೋದ್ರೂ ಹಾಡು ಉಳಿದಿರೋದು ಅದಕ್ಕೇ ಇರ್ಬಹುದು. ಆದ್ರೆ ನೀವು ಹಾಕ್ತಿರೋದು ಯಾವ ಹಾಡು? ಅಮ್ಮ ಅಂದ ಕೂಡ್ಲೇ ನಿಮಗೆ ನೆನಪಾಗೋ ಹಾಡು, ಅಂದ್ರೆ ನೀವು ಚಿಕ್ಕವರಿದ್ದಾಗ ಮನೇಲಿ ಕೇಳಿದ್ದು, ಆಗ್ಲೇ ಅವರಿಗೆ ಮೂವತ್ತೈದು ದಾಟಿತ್ತು ಲೆಕ್ಕ ಹಾಕಿ. ಅದು ನಿಮ್ಮ ಉಬ್ಬು, ಅವರದಲ್ಲ. ಅವರ ಹತ್ತರಿಂದ ಇಪ್ಪತ್ತೈದರ ವಯಸ್ಸು ಯಾವ ವರ್ಷಕ್ಕೆ ಬರತ್ತೆ ನೋಡಿ ಆಗಿನ ಹಾಡು ಹುಡುಕಿ. ಒಂದೊಂದೇ ಹಾಕಿ, ಟಿವಿ ಆರಿಸಿ, ಅವರು ತಳಮಳ ಪಟ್ರೆ ತಕ್ಷಣ ನಿಲ್ಲಿಸಿ, ಎಲ್ಲ ನೆನಪೂ ಸಿಹಿ ಇರಲ್ಲ. ಮೊನ್ನೆ ಹಾಡಿದ್ದು ಯಾವ ಹಾಡು ಅಂತ ಅವರ ವಯಸ್ಸಿನ ಸಂಬಂಧಿಕರೋ ಗೆಳತಿಯರೋ ಯಾರಾದ್ರೂ ಇದ್ರೆ ಫೋನ್ ಮಾಡಿ ಕೇಳಿ, ಮುಂದಿನ ಸಲ ಬಟ್ಟೆ ಮಡಿಸುವಾಗ ಮೊಬೈಲ್ ರೆಕಾರ್ಡರ್ ಆನ್ ಮಾಡಿಟ್ಕೊಂಡಿರಿ.