ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತವಾದ ರಿದಮ್ ಅಂಡ್ ಬ್ಲೂಸ್‌ನ ಆರಂಭಿಕ ಕಾಲದಲ್ಲಿ ಕಡೆಗಣಿತರಾದ ಬೂಗಿ-ವೂಗಿ (ಎಡಗೈ ಒಂದೇ ಲಯವನ್ನು ಮರುಕಳಿಸುವ ಬ್ಲೂಸ್ ಶೈಲಿ) ಪಿಯಾನೋ ವಾದಕರು ಯಾರು?
ನನ್ನ ದೃಷ್ಟಿಯಲ್ಲಿ ಆ ಹೆಸರು ಕಮೀಲ್ ಹೋವರ್ಡ್ ಅವರದು. 1914ರಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಹುಟ್ಟಿದ ಅವರು, ಮುಂದೆ ಲಾಸ್ ಏಂಜಲೀಸ್‌ನಲ್ಲಿ ಗಾಯಕ ಹಾಗೂ ಡ್ರಮ್ ವಾದಕ ರಾಯ್ ಮಿಲ್ಟನ್ ಅವರ ಸಾಲಿಡ್ ಸೆಂಡರ್ಸ್ ತಂಡವನ್ನು ಸೇರಿದರು. ಆ ತಂಡಕ್ಕೆ ಹೆಸರು ತಂದ ‘ಆರ್. ಎಂ. ಬ್ಲೂಸ್’ ಹಾಡಿನಲ್ಲಿ ಕೇಳಿಬರುವ ಪಿಯಾನೋ ಅವರದೇ. ಅಮೆರಿಕದ ಸಂಗೀತಗಾರರ ಒಕ್ಕೂಟವು ಧ್ವನಿಮುದ್ರಣಕ್ಕೆ ಹೇರಿದ ನಿಷೇಧ ಜಾರಿಗೆ ಬರುವ ಮುನ್ನಾದಿನ, ಅಂದರೆ 1947ರ ಡಿಸೆಂಬರ್ 31ರಂದು, ಸ್ಪೆಷಾಲ್ಟಿ ಎಂಬ ಧ್ವನಿಮುದ್ರಣ ಕಂಪನಿಗಾಗಿ ಅವರು ಆಶುವಾಗಿ ನುಡಿಸಿದ ‘ಎಕ್ಸ್-ಟೆಂಪರೇನಿಯಸ್ ಬೂಗಿ’ ಮರುವರ್ಷ ರಿದಮ್ ಅಂಡ್ ಬ್ಲೂಸ್ ಜನಪ್ರಿಯತಾ ಪಟ್ಟಿಯ ಮೊದಲ ಹತ್ತರೊಳಗೆ ಸ್ಥಾನ ಪಡೆಯಿತು. ಎಡಗೈ ಒಂದೇ ಲಯವನ್ನು ಬಿಡದೆ ಉರುಳಿಸುತ್ತಿರುವಾಗಲೇ ಬಲಗೈ ಸ್ವಚ್ಛಂದವಾಗಿ ಓಡುವ ಆ ವಾದನವನ್ನು ನಾನು ಇಂದಿಗೂ ಬೆರಗಿನಿಂದ ಕೇಳುತ್ತೇನೆ. ತಂಡದ ಕೀರ್ತಿಯೆಲ್ಲ ನಾಯಕನ ಹೆಸರಿಗೆ ಸಂದುದು ಮತ್ತು ದೃಢವಾದ ಧಾರ್ಮಿಕ ಶ್ರದ್ಧೆಯಿಂದ ಅವರೇ ಲೌಕಿಕ ಸಂಗೀತವನ್ನು ತೊರೆದದ್ದು, ಇವೆರಡೂ ಅವರ ಹೆಸರು ಮಸುಕಾಗಲು ಕಾರಣವೆಂದು ನಾನು ಭಾವಿಸುತ್ತೇನೆ.