ಆಕರಕೋಶ ರಕ್ತಕಣವಾಗುವ ದಾರಿ

ಪ್ರಶ್ನೆ: ಎಲ್ಲ ಜೀವಕೋಶಗಳಲ್ಲೂ ಒಂದೇ ಡಿಎನ್‌ಎ ಇದೆ ಎನ್ನುತ್ತಾರೆ. ಹಾಗಾದರೆ ಅಸ್ಥಿಮಜ್ಜೆಯ ಒಂದೇ ಸ್ಟೆಮ್ ಸೆಲ್‌ನಿಂದ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಹೇಗೆ ಹುಟ್ಟುತ್ತವೆ? ಏನಾಗಬೇಕೆಂದು ಅದಕ್ಕೆ ಹೇಳುವವರು ಯಾರು?
– ಪಿಯುಸಿ ವಿದ್ಯಾರ್ಥಿನಿ, ಗದಗ

ಉತ್ತರ: ಡಿಎನ್‌ಎ ಒಂದೇ, ನಿಜ. ಆದರೆ ಆ ಎಳೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದ ಕಡೆಯ ಜೀನ್ ಸುಮ್ಮನಿರುತ್ತದೆ, ಸಡಿಲವಾದ ಕಡೆಯದು ಕೆಲಸ ಮಾಡುತ್ತದೆ. ಆಕರಕೋಶ (ಸ್ಟೆಮ್ ಸೆಲ್) ಬಲಿಯುತ್ತಾ ಹೋದಂತೆ ಬೇಕಾದ ಜೀನ್‌ಗಳು ತೆರೆಯುತ್ತವೆ, ಉಳಿದವು ಒಂದೊಂದಾಗಿ ಮುಚ್ಚುತ್ತವೆ. ಇದನ್ನು ನಡೆಸುವುದು ನಿಯಂತ್ರಕ ಪ್ರೋಟೀನ್‌ಗಳು. ರಕ್ತದ ಮಟ್ಟಿಗೆ ಗಾಟಾ-1, ಪಿಯು-1 ಎಂಬೆರಡು ಮುಖ್ಯ. ಗಾಟಾ-1 ಕೆಂಪುಕಣ, ಪ್ಲೇಟ್‌ಲೆಟ್‌ಗಳ ಕಡೆಗೆ ಎಳೆದರೆ ಪಿಯು-1 ಹಲವು ಬಗೆಯ ಬಿಳಿಕಣಗಳ ಕಡೆಗೆ ಎಳೆಯುತ್ತದೆ. ಒಂದು ಇನ್ನೊಂದನ್ನು ಅದುಮುವುದರಿಂದ, ಒಂದರ ಮೇಲುಗೈ ಗಟ್ಟಿಯಾದ ಮೇಲೆ ಕೋಶ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಹೊರಗಿನಿಂದಲೂ ಸೂಚನೆ ಬರುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಮೂತ್ರಪಿಂಡ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಇದನ್ನು ಆಜ್ಞೆ ಅನ್ನುವುದಕ್ಕಿಂತ ಅನ್ನ ಅನ್ನುವುದೇ ಸರಿ: ಕೆಂಪುಕಣದ ದಾರಿ ಹಿಡಿದ ಎಳೆಯ ಕೋಶಗಳು ಇದು ಸಿಗದಿದ್ದರೆ ತಾವಾಗಿಯೇ ಸಾಯುತ್ತವೆ. ಕಿಡ್ನಿ ಕಾಯಿಲೆ ಮುಂದುವರಿದವರಿಗೆ ರಕ್ತ ಕಡಿಮೆಯಾಗುವುದಕ್ಕೆ ಮುಖ್ಯ ಕಾರಣ ಈ ಹಾರ್ಮೋನು ಸಾಲದಿರುವುದೇ.

ಆಮೇಲಿನದು ಸುಮಾರು ಒಂದು ವಾರದ ಕೆಲಸ. ಪ್ರೋಎರಿಥ್ರೋಬ್ಲಾಸ್ಟ್ ಎಂಬ ದೊಡ್ಡ ಕೋಶ ಮೂರರಿಂದ ಐದು ಬಾರಿ ಒಡೆದು ಎರಡೆರಡಾಗುತ್ತದೆ. ಪ್ರತಿ ಸಲವೂ ಗಾತ್ರ ಕುಗ್ಗುತ್ತದೆ, ಹಿಮೋಗ್ಲೋಬಿನ್ ತುಂಬುತ್ತದೆ, ಕೋಶಕೇಂದ್ರ ಮುದುಡುತ್ತದೆ. ಕೊನೆಗೆ ಆ ಕೋಶಕೇಂದ್ರವನ್ನೇ ಹೊರದೂಡುತ್ತದೆ; ಪಕ್ಕದ ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶ ಅದನ್ನು ನುಂಗಿಬಿಡುತ್ತದೆ. ಉಳಿದದ್ದೇ ರೆಟಿಕ್ಯುಲೋಸೈಟ್ ಎಂಬ ಎಳೆಯ ಕೆಂಪುಕಣ; ಅದು ರಕ್ತಕ್ಕಿಳಿದು ಒಂದೆರಡು ದಿನದಲ್ಲಿ ಪೂರ್ಣ ಕೆಂಪುಕಣವಾಗುತ್ತದೆ. ಡಿಎನ್‌ಎಯೇ ಇಲ್ಲದ ಮೇಲೆ ಹೊಸ ಪ್ರೋಟೀನ್ ಮಾಡಿಕೊಂಡು ತನ್ನನ್ನು ರಿಪೇರಿ ಮಾಡಿಕೊಳ್ಳುವಂತಿಲ್ಲ, ಹಾಗಾಗಿ ಆಯಸ್ಸು ಸುಮಾರು 120 ದಿನ. ಈ ಸವಕಳಿ ತುಂಬಲು ವಯಸ್ಕರ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣ ತಯಾರಿಸುತ್ತದೆ!

ಪ್ರಶ್ನೆ: ತಾಯಿಗೆ 62 ವರ್ಷ, ಸಸ್ಯಾಹಾರಿ. ಹಿಮೋಗ್ಲೋಬಿನ್ 8.4, ಎಂಸಿವಿ 112. ಮೂರು ತಿಂಗಳಿಂದ ಕಬ್ಬಿಣದ ಮಾತ್ರೆ ಕೊಟ್ಟರೂ ಏರಿಲ್ಲ.
– ಓದುಗರು, ಶಿರಸಿ

ಉತ್ತರ: ಎಂಸಿವಿ ಎಂದರೆ ಕೆಂಪುಕಣದ ಸರಾಸರಿ ಗಾತ್ರ, 80ರಿಂದ 100 ಸಾಮಾನ್ಯ. ಕಬ್ಬಿಣದ ಕೊರತೆಯಲ್ಲಿ ಕಣ ಚಿಕ್ಕದಾಗುತ್ತದೆ. ನಿಮ್ಮ ತಾಯಿಯದು ದೊಡ್ಡದಾಗಿದೆ, ಅಂದರೆ ತೊಡಕು ಬೇರೆ ಹಂತದಲ್ಲಿದೆ. ವಿಟಮಿನ್ ಬಿ12 ಅಥವಾ ಫೋಲೇಟ್ ಸಾಲದಿದ್ದರೆ ಡಿಎನ್‌ಎ ನಕಲು ತಡವಾಗಿ, ಕೋಶ ಒಡೆಯುವುದೂ ತಡವಾಗುತ್ತದೆ. ಹಿಮೋಗ್ಲೋಬಿನ್ ತುಂಬುವ ಕೆಲಸ ಮಾತ್ರ ನಿಲ್ಲುವುದಿಲ್ಲ. ಹೀಗೆ ಉಬ್ಬಿದ ಕೋಶಗಳಲ್ಲಿ ಬಹಳಷ್ಟು ಮಜ್ಜೆಯಲ್ಲೇ ಸಾಯುತ್ತವೆ. ಇದಕ್ಕೆ ಕಬ್ಬಿಣ ಎಷ್ಟು ಕೊಟ್ಟರೂ ಉಪಯೋಗವಿಲ್ಲ.

ಬಿ12, ಫೋಲೇಟ್, ಥೈರಾಯ್ಡ್, ಲಿವರ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಆ್ಯಸಿಡಿಟಿಯ ಮಾತ್ರೆ ವರ್ಷಗಟ್ಟಲೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ಅವೂ ಬಿ12 ಇಳಿಸುತ್ತವೆ. ಒಂದು ತಪ್ಪನ್ನು ಮಾತ್ರ ದಯವಿಟ್ಟು ಮಾಡಬೇಡಿ: ಪರೀಕ್ಷೆಗೆ ಮೊದಲೇ ಫೋಲಿಕ್ ಆ್ಯಸಿಡ್ (ಫೋಲೇಟ್) ಮಾತ್ರೆಯೊಂದನ್ನೇ ಶುರು ಮಾಡುವುದು. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಕಾಲು ಜೋಮು ಹಿಡಿಯುವುದು, ನಡೆಯುವಾಗ ತೂಗಾಡುವುದು ಇದ್ದರೆ ತಡಮಾಡಬೇಡಿ. ಕೊರತೆ ಬಿ12ನದೇ ಆಗಿದ್ದರೆ, ಚಿಕಿತ್ಸೆ ಶುರುವಾದ ಸುಮಾರು ಒಂದು ವಾರದಲ್ಲಿ ರೆಟಿಕ್ಯುಲೋಸೈಟ್ ಎಣಿಕೆ ಏರಿರುತ್ತದೆ. ಹಿಮೋಗ್ಲೋಬಿನ್ ಸರಿಹೋಗಲು ಒಂದೆರಡು ತಿಂಗಳು ಬೇಕು.

ಪ್ರಶ್ನೆ: ಬಲಿಯದ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬದಲು ಬಲಿಯುವಂತೆ ಮಾಡಲಾಗದೇ?
– ಓದುಗರು, ಮೈಸೂರು

ಉತ್ತರ: ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಆಗುತ್ತದೆ. ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೀಮಿಯಾದಲ್ಲಿ 15 ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಬೆಸೆದುಕೊಂಡ ಪ್ರೋಟೀನೊಂದು ಕೋಶ ಬಲಿಯಲು ಬೇಕಾದ ಜೀನ್‌ಗಳನ್ನು ಮುಚ್ಚಿಹಿಡಿಯುತ್ತದೆ. ವಿಟಮಿನ್ ಎ ಜಾತಿಯ ಟ್ರೆಟಿನಾಯಿನ್ ಆ ಹಿಡಿತ ಬಿಡಿಸುತ್ತದೆ, ಆರ್ಸೆನಿಕ್ ಟ್ರೈಆಕ್ಸೈಡ್ ಆ ಪ್ರೋಟೀನನ್ನೇ ನಾಶಮಾಡುತ್ತದೆ. ಎರಡೂ ಸೇರಿದರೆ ಬಹುಪಾಲು ರೋಗಿಗಳು ಗುಣವಾಗುತ್ತಾರೆ. ಆದರೆ ಕೋಶಗಳು ಒಮ್ಮೆಲೇ ಬಲಿತಾಗ ಜ್ವರ, ಏದುಸಿರು, ಶ್ವಾಸಕೋಶದಲ್ಲಿ ನೀರು ಕಾಣಿಸಬಹುದು. ಹಾಗಾಗಿ ಆರಂಭದ ವಾರಗಳಲ್ಲಿ ಆಸ್ಪತ್ರೆಯ ನಿಗಾ ಬೇಕೇ ಬೇಕು. ಅಂಗಡಿಯ ವಿಟಮಿನ್ ಎ ಮಾತ್ರೆ ಈ ಕೆಲಸಕ್ಕೆ ಬಾರದು, ಅತಿಯಾದರೆ ಲಿವರಿಗೆ ವಿಷ.